ಟೇಪಕ್ಕ ಎಳೆದ ಗೆರೆಗಳು

ನನ್ನ ವಾರಗಿತ್ತಿಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಯಾರೂ ಇಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ, ಅದರಲ್ಲಿ ಕೊನೆಯ ನಾಲ್ಕು ವರ್ಷ ಒಂದೇ ಕಚೇರಿಯಲ್ಲೂ, ಅವಳನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡವಳು ನಾನು. ಪ್ರೀತಿಯಿದ್ದವರು ಮೇಲೆ ಮೇಲೆ ನೋಡಿ, ‘ಎಷ್ಟು ಒಳ್ಳೆಯವಳು’ ಎಂದು ಹೇಳಿ ಮುಂದೆ ಹೋಗುತ್ತಾರೆ. ಹೊಟ್ಟೆಕಿಚ್ಚಿನವರಿಗೆ ಅಷ್ಟು ಸುಲಭವಿಲ್ಲ. ಅವಳನ್ನು ಯಾರು ಹೊಗಳಿದರು, ಹೊಗಳುವಾಗ ನನ್ನ ಕಡೆ ನೋಡಿದರೋ ಇಲ್ಲವೋ, ಅದಕ್ಕೆ ಅವಳು ನಕ್ಕಳೋ ತಲೆ ತಗ್ಗಿಸಿದಳೋ, ಎಲ್ಲ ನಮಗೆ ಬಾಯಿಪಾಠ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ದೊಡ್ಡವಳು. ಮೊದಲ ಒಂದು ವರ್ಷ ‘ನೀವು’ ಎನ್ನುತ್ತಿದ್ದೆ, ಅವಳೇ ಬಿಡಿಸಿದಳು. “ನೀವು ಗೀವು ಎಲ್ಲ ಅಂಗಡಿಗೆ ಬರೋರಿಗೆ, ನೀನು ಅಕ್ಕ ಅನ್ನು ಸಾಕು” ಎಂದಳು. ಅದಕ್ಕೂ ನನಗೆ ಸಿಟ್ಟು ಬಂದಿತ್ತು. ದೂರ ಇಡೋಣ ಎಂದುಕೊಂಡರೆ ಅದಕ್ಕೂ ಜಾಗ ಕೊಡದ ಹೆಂಗಸು.

ನಮ್ಮ ಅತ್ತೆಗೆ ಅವಳು ‘ದೊಡ್ಡವಳು’, ನಾನು ‘ಚಿಕ್ಕವಳು’. ಹೆಸರಿನಲ್ಲಿ ತಪ್ಪೇನಿಲ್ಲ. ಆದರೆ ಆ ಮನೆಯಲ್ಲಿ ಕರೆ ಬಂದರೆ ಅದು ದೊಡ್ಡವಳಿಗೇ ಬರುತ್ತಿತ್ತು. ಏಳು ವರ್ಷದ ಹಿಂದೆ ಅತ್ತೆಯ ಕಣ್ಣಿನ ನರ ಸೊರಗಿ ದೃಷ್ಟಿ ಪೂರ್ತಿ ಹೋದ ಮೇಲಂತೂ ಇನ್ನೂ ಹೆಚ್ಚಾಯಿತು. ನಾನು ಕಿಟಕಿಯ ಪಕ್ಕದಲ್ಲೇ ನಿಂತಿರುತ್ತಿದ್ದೆ, ಅತ್ತೆ ಅಡುಗೆಮನೆಯ ಕಡೆಗೆ ಮುಖ ಮಾಡಿ, “ದೊಡ್ಡವಳೇ, ಗಾಳಿ ಬರ್ತಿದೆ, ಕಿಟಕಿ ಹಾಕು” ಎನ್ನುತ್ತಿದ್ದರು. ಅವಳು ಕೈ ಒರೆಸಿಕೊಂಡು ಬಂದು, ನನ್ನನ್ನು ಸುತ್ತಿಹೋಗಿ, ಕಿಟಕಿ ಹಾಕುತ್ತಿದ್ದಳು. ಒಂದು ಸಲವಾದರೂ ‘ಚಿಕ್ಕವಳೇ’ ಎಂದು ಅತ್ತೆ ತಾವಾಗಿ ಕರೆಯಲಿ ಎಂಬುದು ನನ್ನ ಆಸೆ. ನಲವತ್ತು ಹತ್ತಿರ ಬಂದ ಹೆಂಗಸಿಗೆ ಇದೂ ಒಂದು ಆಸೆಯೇ ಎಂದು ನಗಬೇಡಿ. ಇಷ್ಟೆಲ್ಲ ನಡೆದದ್ದು ಅದರಿಂದಲೇ.

ನಾವು ಇರುವುದು ಮೇಲಿನ ಮಹಡಿಯಲ್ಲಿ. ಕೆಳಗೆ ಅತ್ತೆ, ಭಾವ ಮತ್ತು ಅವಳು. ಮದುವೆಯಾದ ಮೂರನೆಯ ವರ್ಷ ನಾನೇ ಹಠ ಹಿಡಿದು ಮೇಲೆ ಒಲೆ ಹೂಡಿದೆ. ಜಗಳವೇನೂ ಆಗಿರಲಿಲ್ಲ. ಎರಡು ಜಡೆ ಸೇರುವುದಿಲ್ಲ ಎಂದು ಜನ ಹೇಳುತ್ತಾರಲ್ಲ, ನಮ್ಮಲ್ಲಿ ಒಂದು ಜಡೆ ಸೇರಲು ತಯಾರಾಗಿಯೇ ಇತ್ತು, ನನ್ನದು ತಯಾರಿರಲಿಲ್ಲ.

ಅವಳು ಮೊದಲು ದರ್ಜಿ. ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಅಂಗಡಿ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಕಂಡಕ್ಟರುಗಳ ಸಮವಸ್ತ್ರ, ದಾದಿಯರ ಕೋಟು, ವಕೀಲರ ಕಪ್ಪು ಕೋಟು ಎಲ್ಲ ಅಲ್ಲೇ. ಭಾವ ಬಸ್ಸು ಓಡಿಸುವವರು. ಅಂಗಿಯ ತೋಳು ಉದ್ದವಾಯಿತು ಎಂದು ಒಮ್ಮೆ ಹೋದರಂತೆ, ಗಿಡ್ಡವಾಯಿತು ಎಂದು ಮತ್ತೊಮ್ಮೆ ಹೋದರಂತೆ. ಮೂರನೆಯ ಸಲ ಅವಳೇ, “ತೋಳು ಸರಿಯಾಗೇ ಇದೆ, ನಿಮಗೇನು ಬೇಕೋ ಹೇಳಿ” ಎಂದಳಂತೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ನಾನು ನೂರು ಸಲ ಕೇಳಿದ್ದೇನೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಮದುವೆಗೆ ಹೇಳಿಕೊಳ್ಳುವಂಥ ಕಥೆ ಇಲ್ಲ. ಆ ಮದುವೆಗೆ ನನ್ನ ಬಟ್ಟೆ ಹೊಲಿದವಳೂ ಅವಳೇ. ಟೇಪು ಕೊರಳಲ್ಲೇ ಇದ್ದರೂ ಅಳತೆ ತೆಗೆಯಲಿಲ್ಲ. ದೂರದಿಂದ ಒಮ್ಮೆ ನೋಡಿ, “ಎಡಭುಜ ಸ್ವಲ್ಪ ಕೆಳಗಿದೆ, ಸರಿಮಾಡ್ತೀನಿ” ಎಂದಳು. ಹೊಲಿದುಕೊಟ್ಟ ಬಟ್ಟೆ ನನ್ನ ಚರ್ಮದಂತೆ ಕೂತಿತು. ಅಲ್ಲಿಯವರೆಗೆ ನನ್ನ ಎಡಭುಜ ಕೆಳಗಿದೆ ಎಂದು ನನಗೇ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಮಂಡಿ ಕೈಕೊಟ್ಟಿತು. ಇನ್ನು ಪೆಡಲ್ ತುಳಿಯಬಾರದು ಎಂದು ಡಾಕ್ಟರು ಹೇಳಿದರು. ಅಂಗಡಿಯ ಬಾಗಿಲು ಎಳೆದ ದಿನ ಅವಳು ಅಳಲಿಲ್ಲ; ಮನೆಗೆ ಬಂದು ಇದ್ದಬದ್ದ ದಿಂಬುಗಳಿಗೆಲ್ಲ ಹೊಸ ಗವುಸು ಹೊಲಿದಳು, ಕೈಯಲ್ಲೇ. ನೋಡಲಾಗಲಿಲ್ಲ ನನಗೆ. ಪಾಪ ಎನಿಸಿತು. ಹೌದು, ನನಗೂ ಪಾಪ ಎನಿಸುತ್ತದೆ. ನಾನು ಕೆಲಸ ಮಾಡುವ ಕಡೆ ಪುಸ್ತಕದ ವಿವರ ಟೈಪು ಮಾಡುವವರು ಬೇಕಾಗಿತ್ತು. ನಾನೇ ನಮ್ಮ ಗ್ರಂಥಪಾಲಕರ ಬಳಿ ಮಾತಾಡಿ ಸೇರಿಸಿದೆ. ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಂಡ ಹಾಗಾಯಿತು.

ನಮ್ಮದು ಮಾತಾಡುವ ಪುಸ್ತಕಗಳ ಗ್ರಂಥಾಲಯ, ಕಣ್ಣು ಕಾಣದವರಿಗಾಗಿ ಇರುವುದು. ಹಿಂಭಾಗದಲ್ಲಿ ಎರಡು ಧ್ವನಿಮುದ್ರಣದ ಕೋಣೆಗಳಿವೆ. ಗೋಡೆಗೆಲ್ಲ ದಪ್ಪ ಬಟ್ಟೆಯ ಮೆತ್ತೆ. ಓದಲು ಬರುವವರು ನಿವೃತ್ತರು, ಗೃಹಿಣಿಯರು, ಒಬ್ಬ ಬ್ಯಾಂಕಿನ ಕಾವಲುಗಾರ. ಒಂಬತ್ತು ಸಾವಿರ ಪುಸ್ತಕಗಳಿವೆ. ಕೇಳುವವರ ಮನೆಯಲ್ಲಿ ಅಂಗೈಯಗಲದ ಒಂದು ಯಂತ್ರ ಇರುತ್ತದೆ. ಅದಕ್ಕೆ ಪುಸ್ತಕದ ಹೆಸರನ್ನೋ, ಬರೆದವರ ಹೆಸರನ್ನೋ, ಓದಿದವರ ಹೆಸರನ್ನೋ ಹೇಳಿದರೆ ಹುಡುಕಿ ಕೇಳಿಸುತ್ತದೆ. ನಮ್ಮ ಕೇಳುಗರಲ್ಲಿ ಬಹಳ ಜನ ಹುಡುಕುವುದು ಓದಿದವರ ಹೆಸರಿನ ಮೇಲೆ. ಬರೆದವರು ಯಾರಾದರೇನು, ಕಿವಿಯಲ್ಲಿ ಕೂರುವುದು ಓದಿದವರ ದನಿಯಲ್ಲವೇ?

ನಾನೂ ಒಮ್ಮೆ ಅರ್ಧ ಪುಸ್ತಕ ಓದಿದ್ದೆ. ಕೆಲಸಕ್ಕೆ ಸೇರಿದ ವರ್ಷ. ಒಬ್ಬ ನಿವೃತ್ತ ಮೇಷ್ಟ್ರು ದೀಪಸ್ತಂಭದ ಕಾವಲುಗಾರನೊಬ್ಬನ ದಿನಚರಿಯನ್ನು ಓದುತ್ತಿದ್ದರು; ಒಂಬತ್ತನೆಯ ಅಧ್ಯಾಯಕ್ಕೆ ಅವರ ಗಂಟಲು ಕಟ್ಟಿತು. ಬೇರೆ ಯಾರೂ ಸಿಗದೆ ಉಳಿದದ್ದನ್ನು ನಾನು ಓದಿ ಮುಗಿಸಿದೆ. ಆಮೇಲೆ ನನ್ನ ದನಿಯನ್ನು ನಾನೇ ಕೇಳಿ, ಮುಖ ಮುಚ್ಚಿಕೊಂಡು, ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ನನ್ನ ನಿಜವಾದ ಕೆಲಸ ದಾಖಲೆಗಳದ್ದು. ಕಂಪ್ಯೂಟರ್ ಓದಿಕೊಂಡವಳು ಅಲ್ಲಿ ನಾನೊಬ್ಬಳೇ, ಆ ವಿಭಾಗದಲ್ಲಿ ನನ್ನ ಮಾತೇ ಮಾತಾಗಿತ್ತು.

ಅವಳು ಬಂದು ಹದಿನೈದು ದಿನಕ್ಕೆ ಎಲ್ಲರ ಬಾಯಲ್ಲೂ ‘ಟೇಪಕ್ಕ’. ಅಂಗಡಿ ಬಿಟ್ಟರೂ ಅಳತೆಯ ಟೇಪನ್ನು ಕೊರಳಿಂದ ಬಿಟ್ಟಿರಲಿಲ್ಲ. ಯಾರದೋ ಗುಂಡಿ ಕಿತ್ತರೆ ಹಾಕಿಕೊಡುವುದು, ಧ್ವನಿಕೋಣೆಯ ಹರಿದ ಮೆತ್ತೆಗೆ ತೇಪೆ ಹಾಕುವುದು, ನಡುನಡುವೆ ಟೈಪು ಮಾಡುವುದು. ಅಷ್ಟರಲ್ಲಾಗಲೇ ಐದು ವರ್ಷ ದುಡಿದಿದ್ದ ನನಗೆ ಒಂದು ಅಡ್ಡಹೆಸರೂ ಸಿಕ್ಕಿರಲಿಲ್ಲ.

ಕಳೆದ ವರ್ಷ ನಮ್ಮ ಗ್ರಂಥಾಲಯವನ್ನು ಕೇಂದ್ರ ಗ್ರಂಥಾಲಯಕ್ಕೆ ಸೇರಿಸುವುದೆಂದು ತೀರ್ಮಾನವಾಯಿತು. ನಮ್ಮ ಒಂಬತ್ತು ಸಾವಿರ ದಾಖಲೆಗಳೂ ಅಲ್ಲಿಗೆ ಹೋಗಬೇಕು. ದಾಖಲೆ ಎಂದರೆ ಎಕ್ಸ್‌ಎಂಎಲ್ ಕಡತ. ಹೆದರಬೇಡಿ, ಡಬ್ಬಿಯೊಳಗೆ ಡಬ್ಬಿ ಇಟ್ಟು, ಒಂದೊಂದಕ್ಕೂ ಚೀಟಿ ಅಂಟಿಸಿದ ಹಾಗೆ ಬರೆಯುವ ಕ್ರಮ ಅದು. ಪುಸ್ತಕ ಎಂಬ ದೊಡ್ಡ ಡಬ್ಬಿ, ಅದರೊಳಗೆ ಹೆಸರು, ಬರೆದವರು, ಓದಿದವರು, ವಿಷಯ, ಎಷ್ಟು ನಿಮಿಷ. ಕೇಂದ್ರದವರದ್ದೂ ಅದೇ ಎಕ್ಸ್‌ಎಂಎಲ್, ಆದರೆ ಡಬ್ಬಿಗಳ ಜೋಡಣೆ ಬೇರೆ. ನಾವು ನಿಮಿಷ ಬರೆದರೆ ಅವರಿಗೆ ಗಂಟೆ, ನಿಮಿಷ ಬೇರೆ ಬೇರೆ ಬೇಕು. ನಮ್ಮಲ್ಲಿ ಪುಸ್ತಕದ ಕೆಳಗೇ ಕೂತಿರುವ ಓದಿದವರು ಅವರಲ್ಲಿ ‘ಧ್ವನಿ’ ಎಂಬ ಇನ್ನೊಂದು ಡಬ್ಬಿಯೊಳಗೆ ಕೂರಬೇಕು. ಒಂದನ್ನು ಇನ್ನೊಂದಾಗಿ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪ್ರೋಗ್ರಾಂ ಬರೆಯಲು ಕೂತೆ. ಮೂರು ವಾರಕ್ಕೆ ಸಾವಿರದ ಇನ್ನೂರು ಸಾಲು ಆಯಿತು, ಇನ್ನೂ ಅರ್ಧ ಬಾಕಿ ಇತ್ತು.

ಕೇಂದ್ರದವರು ಒಂದು ಮ್ಯಾಪಿಂಗ್ ಟೂಲನ್ನೂ ಕಳಿಸಿದ್ದರು. ಅದನ್ನು ತೆರೆದರೆ ಪರದೆಯ ಎಡಕ್ಕೆ ನಮ್ಮ ದಾಖಲೆ ಕೊಂಬೆ, ಎಲೆಗಳ ಮರದಂತೆ ಬಿಚ್ಚಿಕೊಳ್ಳುತ್ತದೆ. ಬಲಕ್ಕೆ ಅವರ ದಾಖಲೆಯ ಮರ. ಎಡದ ಎಲೆಯನ್ನು ಮೌಸಿನಿಂದ ಹಿಡಿದು ಬಲದ ಎಲೆಗೆ ಎಳೆದರೆ ಒಂದು ಗೆರೆ ಮೂಡುತ್ತದೆ, ಮಾಹಿತಿ ಅದರ ಮೇಲೆ ಹರಿದುಹೋಗುತ್ತದೆ. ನಡುವೆ ಏನಾದರೂ ಕೂಡಿಸಬೇಕೆಂದರೆ, ಕತ್ತರಿಸಬೇಕೆಂದರೆ ಅದಕ್ಕೆ ಪುಟ್ಟ ಚೌಕಗಳಿವೆ. “ಇದು ಮಕ್ಕಳು ಚಿತ್ರ ಬಿಡಿಸೋ ಆಟ” ಎಂದು ನಾನು ಮೂಗು ಮುರಿದು ಮುಚ್ಚಿಟ್ಟೆ.

ಅದನ್ನು ಅವಳು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೆರೆದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿ, ನನ್ನ ಕಡೆ ತಿರುಗಿದಳು.

“ಏನೇ ಇದು, ಎಡಗಡೆ ಹಳೇ ಕೋಟು, ಬಲಗಡೆ ಹೊಸ ಅಳತೆ. ಹಳೇದನ್ನ ಬಿಚ್ಚಿ ಹೊಸ ಅಳತೆಗೆ ಹೊಲೀಬೇಕು, ಅಷ್ಟೇ ತಾನೇ?”

“ಅಷ್ಟೇ ಅಲ್ಲ ಅಕ್ಕ, ಬಹಳ ಇದೆ” ಎಂದೆ.

“ಇರ್ಲಿ ಬಿಡು, ತೋಳಿಂದ ಶುರು ಮಾಡ್ತೀನಿ.”

ಶುರು ಮಾಡಿಯೇಬಿಟ್ಟಳು. ಮೊದಲ ದಿನ ಹೆಸರು, ಬರೆದವರು. ಎರಡನೆಯ ದಿನ ನಿಮಿಷವನ್ನು ಅರುವತ್ತರಿಂದ ಭಾಗಿಸುವ ಚೌಕ. ಮೂರನೆಯ ದಿನ ತಡವರಿಸಿದಳು. ಒಂದೊಂದು ಪುಸ್ತಕಕ್ಕೂ ಮೂರು ನಾಲ್ಕು ವಿಷಯ ಇರುತ್ತದೆ, ಆದರೆ ಅವಳ ಗೆರೆಯಲ್ಲಿ ಮೊದಲನೆಯದು ಮಾತ್ರ ದಾಟಿ, ಉಳಿದವು ಮಾಯವಾಗುತ್ತಿದ್ದವು. ನನ್ನನ್ನು ಕೇಳಿದಳು. ಆಗ ನನಗೆ ಇದು ಆಟ ಎಂಬ ಅಸಡ್ಡೆಯಿದ್ದುದರಿಂದ ಹೇಳಿಕೊಟ್ಟೆ: “ಎಲೆಯಿಂದ ಎಲೆಗೆ ಎಳೆದ್ರೆ ಒಂದೇ ಹೋಗತ್ತೆ ಅಕ್ಕ. ಒಂದಕ್ಕಿಂತ ಹೆಚ್ಚಿದ್ರೆ, ಅವು ಕೂತಿರೋ ಕೊಂಬೆಯಿಂದ ಕೊಂಬೆಗೂ ಒಂದು ಗೆರೆ ಬೇಕು. ‘ಎಷ್ಟಿದ್ಯೋ ಅಷ್ಟು ಸಲ ಮಾಡು’ ಅಂತ ಹೇಳಿದ ಹಾಗೆ.” ಅವಳು ಖುಷಿಯಾಗಿ ನನ್ನ ಬೆನ್ನು ತಟ್ಟಿದಳು.

ಆರನೆಯ ದಿನ ಅವಳ ಗೆರೆಗಳ ನಕ್ಷೆ ಮುಗಿಯಿತು.

ಗ್ರಂಥಪಾಲಕರು ಕನ್ನಡಕ ಮೇಲೆತ್ತಿ ಪರದೆ ನೋಡಿದರು. ಅವರು ಮಾತೇ ಕಡಿಮೆ ಆಡುವ ಮನುಷ್ಯ. ಅಂಥವರು ನನ್ನೆದುರಿಗೇ, “ಟೇಪಕ್ಕಾ, ಭೇಷ್. ಇದನ್ನೇ ಕಳಿಸೋಣ” ಎಂದರು. ಆಮೇಲೆ ನನ್ನ ಕಡೆ ನೋಡಿ, “ನಿಮ್ಮ ಪ್ರೋಗ್ರಾಂ ಇನ್ನು ಬೇಡ ಬಿಡಿ” ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾವಿರದ ಇನ್ನೂರು ಸಾಲು ಒಂದು ‘ಬಿಡಿ’ಗೆ ಹೋಯಿತು.

ಅಂದು ಸಂಜೆ ಕೆಳಗಿನ ಮನೆಯಲ್ಲಿ ಎಲ್ಲರೂ ಇದ್ದರು. ಭಾವ ಸುದ್ದಿ ಹೇಳಿದರು, ಸ್ವಲ್ಪ ಉಪ್ಪು ಖಾರ ಹಚ್ಚಿಯೇ. ಅತ್ತೆ ಕಿವಿಯ ಹೆಡ್‌ಫೋನು ತೆಗೆದು ಕೇಳಿ, ಬಾಯ್ತುಂಬ ನಕ್ಕರು. “ನಮ್ಮ ದೊಡ್ಡವಳು ಕಂಪ್ಯೂಟರಿಗೂ ಕೋಟು ಹೊಲಿದ್ಲು ಅನ್ನಿ” ಎಂದರು. ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕ. ಅವನನ್ನು ಮೇಲೆ ಹೋದ ಮೇಲೆ ವಿಚಾರಿಸಿಕೊಂಡೆ. ಆದರೆ ಅತ್ತೆಯ ಆ ನಗು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕಂಪ್ಯೂಟರಾದರೂ ನನ್ನದು ಎಂದುಕೊಂಡಿದ್ದೆ. ಅದನ್ನೂ ಅವಳೇ ತೆಗೆದುಕೊಂಡಳು, ಅದೂ ನಗುನಗುತ್ತಾ, ಕೇಳದೆಯೇ.

ದಾಖಲೆಗಳನ್ನು ಕಳಿಸುವ ಹಿಂದಿನ ಮಧ್ಯಾಹ್ನ ಅವಳು ನನ್ನನ್ನು ಕರೆದಳು.

“ಬಾರೇ ಇಲ್ಲಿ, ಒಂದ್ಸಲ ನೀನು ನೋಡಿಬಿಡು. ನಿನ್ನ ಕಣ್ಣಿಗೆ ಬಿದ್ರೆ ನಂಗೆ ಧೈರ್ಯ.”

ಬಂದು ಕೂತೆ. ಅವಳು ಗೆರೆಗಳಿಗೆಲ್ಲ ಬಣ್ಣ ಹಾಕಿದ್ದಳು. ಹೆಸರುಗಳಿಗೆ ನೀಲಿ, ಸಂಖ್ಯೆಗಳಿಗೆ ಹಸಿರು, ವಿಷಯಕ್ಕೆ ಕಿತ್ತಳೆ. ಒಂದರ ಮೇಲೊಂದು ಹಾಯದಂತೆ ಎಷ್ಟು ನೀಟಾಗಿ ಜೋಡಿಸಿದ್ದಳೆಂದರೆ, ನೋಡಿ ಹೊಟ್ಟೆಯಲ್ಲಿ ಕೆಂಡ ಬಿತ್ತು. ಮೇಲಿಂದ ಕೆಳಗೆ ಬೆರಳಿಟ್ಟು ನೋಡುತ್ತಾ ಬಂದೆ. ‘ಓದಿದವರು’ ಎಂಬಲ್ಲಿ ಬೆರಳು ನಿಂತಿತು. ಅಲ್ಲಿ ಎಲೆಯಿಂದ ಎಲೆಗೆ ಒಂದು ನೀಲಿ ಗೆರೆ ಇತ್ತು. ಕೊಂಬೆಯಿಂದ ಕೊಂಬೆಗೆ ಇರಬೇಕಾದ ಗೆರೆ ಇರಲಿಲ್ಲ.

ಒಬ್ಬರೇ ಓದಿದ ಪುಸ್ತಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಅವಳು ಪರೀಕ್ಷೆಗೆ ಇಟ್ಟುಕೊಂಡಿದ್ದ ಹತ್ತು ಪುಸ್ತಕಗಳೂ ಒಬ್ಬೊಬ್ಬರೇ ಓದಿದವು, ಅದಕ್ಕೇ ಅವಳಿಗೆ ತಿಳಿದಿರಲಿಲ್ಲ. ಇಬ್ಬರು, ಮೂವರು ಓದಿದ ಪುಸ್ತಕಗಳಲ್ಲಿ ಮೊದಲ ಹೆಸರು ಮಾತ್ರ ಆಚೆ ದಾಟುತ್ತದೆ. ಎರಡನೆಯವರು ಆ ಪುಸ್ತಕ ಓದಿಯೇ ಇಲ್ಲ ಎಂಬಂತಾಗುತ್ತದೆ.

ಬೆರಳು ತೆಗೆದೆ. “ಗೆರೆಗಳ ಬಣ್ಣ ಚೆನ್ನಾಗಿದೆ ಅಕ್ಕ” ಎಂದೆ.

ಸುಳ್ಳು ಹೇಳಲಿಲ್ಲ ನೋಡಿ. ಬಣ್ಣ ನಿಜವಾಗಿಯೂ ಚೆನ್ನಾಗಿತ್ತು.

ನನ್ನ ಜಾಗಕ್ಕೆ ಹೋಗಿ ಎಣಿಸಿದೆ. ಒಂದಕ್ಕಿಂತ ಹೆಚ್ಚು ದನಿಯಿದ್ದ ಪುಸ್ತಕಗಳು ಮುನ್ನೂರ ನಲವತ್ತು. ಮನಸ್ಸಿನಲ್ಲೇ ಲೆಕ್ಕಾಚಾರ ಹಾಕಿದೆ: ನಾಳೆ ಕೇಂದ್ರದವರ ಎದುರು ಇದು ಸಿಕ್ಕಿಬೀಳುತ್ತದೆ, ಗ್ರಂಥಪಾಲಕರ ಮುಖ ಕಪ್ಪಿಡುತ್ತದೆ, ಟೇಪಕ್ಕ ಕಣ್ಣು ಕಣ್ಣು ಬಿಡುತ್ತಾಳೆ. ಆಗ ನಾನು ಎದ್ದು, ಒಂದು ಗೆರೆ ಎಳೆದು ಎಲ್ಲರನ್ನೂ ಕಾಪಾಡುತ್ತೇನೆ. ಸಂಜೆ ಭಾವ ಕೆಳಗೆ ಆ ಕಥೆ ಹೇಳಬೇಕು, ಅದನ್ನು ಅತ್ತೆ ಕೇಳಬೇಕು. ಅತ್ತೆ ಯಾವ ಮಾತು ಹೇಳಬೇಕೆಂಬುದನ್ನೂ ನಾನೇ ಬರೆದಿಟ್ಟುಕೊಂಡಿದ್ದೆ.

ಮರುದಿನ ಏನೂ ಸಿಕ್ಕಿಬೀಳಲಿಲ್ಲ. ಕೇಂದ್ರದವರು ಐದಾರು ಪುಸ್ತಕ ತೆರೆದು ನೋಡಿ, ಒಬ್ಬರೇ ಓದಿದವು ಅವೂ, ತಲೆಯಾಡಿಸಿದರು. ಒಂಬತ್ತು ಸಾವಿರ ದಾಖಲೆ ಮಧ್ಯಾಹ್ನದೊಳಗೆ ಹೊಸ ಮನೆ ಸೇರಿದವು. ಹಳೆಯ ವ್ಯವಸ್ಥೆಯನ್ನು ಮುಚ್ಚಿದರು, ಕೇಳುಗರ ಯಂತ್ರಗಳೆಲ್ಲ ಹೊಸದಕ್ಕೆ ಹೊಂದಿಕೊಂಡವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇನ್ನು ಹೇಳೋಣವೆಂದರೆ ಹೇಗೆ ಹೇಳುವುದು? ‘ಆವತ್ತೇ ನೋಡಿದ್ಯಲ್ಲ, ಯಾಕೆ ಹೇಳ್ಲಿಲ್ಲ’ ಎಂದರೆ ಏನು ಉತ್ತರ ಕೊಡುವುದು? ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಮೂರು ವಾರ ಕಳೆಯಿತು. ಒಬ್ಬ ಕೇಳುಗ ದೂರು ಕೊಡಲಿ, ತಾನಾಗಿ ಬಯಲಿಗೆ ಬರಲಿ ಎಂದು ದಿನವೂ ಕಾದೆ. ಯಾರೂ ದೂರು ಕೊಡಲಿಲ್ಲ. ಎರಡನೆಯ ಹೆಸರಿನವರು ಇಲ್ಲವಾದರೆ ಲೋಕಕ್ಕೆ ಅಷ್ಟು ಬೇಗ ತಿಳಿಯುವುದಿಲ್ಲ. ಇದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು?

ಒಂದು ಭಾನುವಾರ ಬೆಳಿಗ್ಗೆ ಒಗೆದ ಹೊದಿಕೆ ಕೊಡಲು ಕೆಳಗೆ ಇಳಿದೆ. ಅತ್ತೆ ತಮ್ಮ ಕೋಣೆಯಲ್ಲಿ ಹಾಸಿಗೆಯ ಅಂಚಿಗೆ ಕೂತು ಯಂತ್ರವನ್ನು ಬೈಯುತ್ತಿದ್ದರು. ನನ್ನ ಹೆಜ್ಜೆ ಕೇಳಿ ತಲೆಯೆತ್ತಿದರು.

“ಚಿಕ್ಕವಳೇ?”

ಹನ್ನೊಂದು ವರ್ಷ ಕಾದ ಮಾತು. ಅದು ಬಂದಾಗ ನನ್ನ ಕೈಯಲ್ಲಿ ಹೊದಿಕೆ ಇತ್ತು. “ಹೂಂ ಅತ್ತೆ” ಎಂದೆ.

“ಬಾ ಇಲ್ಲಿ. ಇದಕ್ಕೇನಾಗಿದೆ ನೋಡು. ನಿನ್ನ ಹೆಸರು ಹೇಳಿದ್ರೆ, ‘ಈ ಹೆಸರಿನವರು ಯಾರೂ ಇಲ್ಲ’ ಅಂತಾಳೆ ಇದರೊಳಗಿನವಳು. ಮೂರು ವಾರದಿಂದ ಹೇಳ್ತಾ ಇದೀನಿ. ಇಲ್ಲ ಅಂದ್ರೆ ಏನರ್ಥ? ಮೇಲೇ ಇದಾಳಲ್ಲೇ ಅಂತ ನಾನೂ ಜಗಳ ಆಡ್ದೆ.”

“ನನ್ನ ಹೆಸರು ಯಾಕೆ ಹೇಳ್ತೀರಿ ಅತ್ತೆ?” ಎಂದು ಕೇಳಿದೆ. ನಿಜವಾಗಿಯೂ ಅರ್ಥವಾಗಲಿಲ್ಲ.

“ಅದೇ, ದೀಪದ ಕಂಬ ಕಾಯೋನ ಪುಸ್ತಕ. ಅದರ ಹೆಸರು ನಂಗೆ ನೆನಪಿರಲ್ಲ. ಮೊದಲು ಒಬ್ಬ ಮೇಷ್ಟ್ರು ಎಳೀತಾರೆ, ಆಮೇಲೆ ನೀನು ಬರ್ತೀಯ. ಹನ್ನೆರಡನೇ ಅಧ್ಯಾಯದಲ್ಲಿ ಕೆಮ್ಮು ಬಂದು ‘ಅಯ್ಯೋ’ ಅಂತೀಯ. ಅದನ್ನ ಯಾರೂ ತೆಗ್ದಿಲ್ಲ, ಒಳ್ಳೇದಾಯ್ತು.”

ನಾನು ಹಾಸಿಗೆಯ ಮೇಲೆ ಕೂತುಬಿಟ್ಟೆ. ಮುನ್ನೂರ ನಲವತ್ತು ಎಂದು ಎಣಿಸಿದವಳಿಗೆ ಅದರಲ್ಲಿ ಒಂದು ನನ್ನದೇ ಎಂದು ಹೊಳೆದಿರಲಿಲ್ಲ.

“ಎಷ್ಟು ಸಲ ಕೇಳಿದೀರಿ ಅತ್ತೆ ಅದನ್ನ?”

“ಯಾರಿಗ್ಗೊತ್ತು. ಕಣ್ಣು ಹೋದಾಗಿಂದ ಕೇಳ್ತಿದೀನಿ. ದೊಡ್ಡವಳು ಇಲ್ಲೇ ಇರ್ತಾಳೆ, ದಿನವೆಲ್ಲ ವಟವಟ ಅಂತಾಳೆ. ನೀನು ಕೆಳಗೆ ಬಂದ್ರೆ ಒಂದು ಮಾತು, ಹೋಗ್ವಾಗ ಒಂದು ಮಾತು. ನಿನ್ನ ಮುಖವೂ ಕಾಣಲ್ಲ, ದನಿಯೂ ಇಲ್ಲ ಅಂದ್ರೆ ಇನ್ನೇನು ಉಳೀತು ನಂಗೆ?”

“ಒಂದು ದಿನವೂ ಹೇಳ್ಲಿಲ್ಲ ನೀವು.”

“ನೀನು ಕೇಳ್ಲಿಲ್ಲ” ಎಂದರು ಅತ್ತೆ, ಯಂತ್ರವನ್ನು ನನ್ನ ಕೈಗೆ ತುರುಕುತ್ತಾ. “ಸರಿಮಾಡ್ತೀಯೋ ಇಲ್ವೋ ಅಷ್ಟು ಹೇಳು.”

ಅಡುಗೆಮನೆಗೆ ಹೋದೆ. ಅವಳು ಊಟದ ಮೇಜಿನ ಮೇಲೆ ಕಾಗದ ಹಾಸಿ, ಯಾರದೋ ಮಗುವಿನ ಅಂಗಿಗೆ ಮಾದರಿ ಕತ್ತರಿಸುತ್ತಿದ್ದಳು. ಕತ್ತರಿಯ ಕಚಕಚ ಶಬ್ದ ನಿಲ್ಲುವವರೆಗೂ ಕಾದೆ, ನಿಲ್ಲಲಿಲ್ಲ. ಅದರ ನಡುವೆಯೇ ಹೇಳಿದೆ.

“ಅಕ್ಕಾ, ನಿನ್ನ ನಕ್ಷೆಯಲ್ಲಿ ಒಂದು ಗೆರೆ ಬಿಟ್ಟುಹೋಗಿದೆ. ಓದಿದವರ ಕೊಂಬೆಗೆ. ಎರಡನೇ ಹೆಸರುಗಳು ಯಾವ್ದೂ ಹೋಗಿಲ್ಲ. ಮುನ್ನೂರ ನಲವತ್ತು ಪುಸ್ತಕ.”

ಕತ್ತರಿ ನಿಂತಿತು. ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವ್ರೇ. ವಿಷಯಕ್ಕೆ ಹಾಕಿದ್ನಲ್ಲ, ಅದಕ್ಕೆ ಹಾಕ್ಲಿಲ್ವಾ? ಯಾವಾಗ ಗೊತ್ತಾಯ್ತು ನಿಂಗೆ?”

ಇಲ್ಲಿ ‘ಈಗ ತಾನೇ’ ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ.

“ಆವತ್ತೇ ನೋಡಿದ್ದೆ. ಕಳಿಸೋಕೆ ಮುಂಚೆ, ನೀನು ಕರೆದು ತೋರಿಸಿದ್ಯಲ್ಲ, ಆಗ. ಬೇಕು ಅಂತಲೇ ಹೇಳ್ಲಿಲ್ಲ. ನಿನ್ನ ಮೇಲೆ ಹೊಟ್ಟೆಕಿಚ್ಚು ನಂಗೆ. ಮೊದಲಿಂದಲೂ.”

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕೊರಳಿನ ಟೇಪನ್ನು ತೆಗೆದು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದಳು:

“ನೀನು ಆ ಗೆರೆ ಮೇಲೆ ಬೆರಳಿಟ್ಟಿದ್ದು ನಾನೂ ನೋಡ್ದೆ ಕಣೇ. ನಂಗೂ ಅಲ್ಲೇ ಒಂದು ಅನುಮಾನ ಇತ್ತು, ಇನ್ನೊಂದ್ಸಲ ನೋಡ್ಬೇಕು ಅಂತಿದ್ದೆ. ನೀನು ಬೆರಳು ತೆಗೆದ್ಯಲ್ಲ, ನೀನೇ ನೋಡಿ ಬಿಟ್ಮೇಲೆ ಸರಿಯಾಗೇ ಇರ್ಬೇಕು ಅಂತ ಮತ್ತೆ ನೋಡ್ಲೇ ಇಲ್ಲ.”

ಅಷ್ಟೇ. ಆಮೇಲೆ ಕತ್ತರಿ ತೆಗೆದುಕೊಂಡು ಉಳಿದ ಅರ್ಧ ತೋಳನ್ನು ಕತ್ತರಿಸಿದಳು. ನಾನು ಹೊದಿಕೆಯನ್ನು ಎಲ್ಲಿಟ್ಟೆನೋ ಇಂದಿಗೂ ನೆನಪಿಲ್ಲ. “ಹೊಟ್ಟೆಗೆ ಹಾಕ್ಕೋ ಅಕ್ಕ” ಎಂದೆ. “ಹಾಕ್ಕೊಳ್ಳೋದೆಲ್ಲ ಆಮೇಲೆ, ನಾಳೆ ಎಂಟಕ್ಕೆ ಹೊರಡೋಣ” ಎಂದಳು. ಆ ದಿನ ಮತ್ತೆ ನನ್ನೊಡನೆ ಮಾತಾಡಲಿಲ್ಲ. ದಿನವೆಲ್ಲ ವಟವಟ ಎನ್ನುವವಳು ಸುಮ್ಮನಾದರೆ ಮನೆ ಹೇಗಿರುತ್ತದೆ ಎಂದು ಮೇಲಿನ ಮಹಡಿಯಲ್ಲಿ ಕೂತು ಕೇಳಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಅವಳೇ ನಕ್ಷೆ ತೆರೆದಳು. ಕುರ್ಚಿ ಬಿಟ್ಟು ಎದ್ದು, “ನೀನೇ ಎಳಿ” ಎಂದಳು. ಎಡದ ಕೊಂಬೆ ಹಿಡಿದು ಬಲದ ಕೊಂಬೆಗೆ ಎಳೆದೆ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತಿನ ಕೆಲಸ. “ಬಣ್ಣ?” ಎಂದು ಕೇಳಿದೆ. “ನಿಂಗಿಷ್ಟ ಬಂದದ್ದು” ಎಂದಳು. ಹಳೆಯ ಕಡತ ಇನ್ನೂ ನಮ್ಮಲ್ಲೇ ಇತ್ತು. ಎಲ್ಲ ದಾಖಲೆಗಳನ್ನೂ ಮತ್ತೆ ದಾಟಿಸಿದೆವು.

ಆಮೇಲೆ ಇಬ್ಬರೂ ಗ್ರಂಥಪಾಲಕರ ಕೋಣೆಗೆ ಹೋದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ದಾಟಿ ಅವರ ಮೇಜಿನೆದುರು ಕೂರುತ್ತಿದ್ದಂತೆ ಅವಳೇ ಶುರು ಮಾಡಿದಳು: “ಸಾರ್, ಒಂದು ತಪ್ಪಾಗಿತ್ತು, ನನ್ನದೇ. ಒಂದು ಗೆರೆ ಬಿಟ್ಟಿದ್ದೆ. ಇವಳು ಕಂಡುಹಿಡಿದ್ಲು, ಸರಿಮಾಡಿದ್ದೂ ಇವಳೇ.” ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳ ಚಪ್ಪಲಿ ನನ್ನ ಪಾದವನ್ನು ಬಲವಾಗಿಯೇ ಒತ್ತಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ ಎಂದು ಅದರಿಂದ ತಿಳಿಯಿತು. ಮಾತೇ ಆಡದ ಆ ಮನುಷ್ಯ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, “ಭೇಷ್. ಅನುಭವ ಅಂದ್ರೆ ಇದ್ ನೋಡಿ” ಎಂದರು. ಆ ‘ಭೇಷ್’ಗಾಗಿ ಒಂಬತ್ತು ವರ್ಷ ಕಾದಿದ್ದೆ. ಬಿಸಿ ಪಾತ್ರೆ ಬರಿಗೈಯಲ್ಲಿ ಹಿಡಿದಂತಾಯಿತು. ಹೊರಗೆ ಬಂದ ಮೇಲೆ, “ಯಾಕೆ ಹಾಗೆ ಹೇಳ್ದೆ?” ಎಂದು ಕೇಳಿದೆ.

“ನಿನ್ನ ತಪ್ಪು ನಂಗೆ ಗೊತ್ತಲ್ಲ, ಸಾಕು. ಊರಿಗೆಲ್ಲ ಯಾಕೆ? ಗೆರೆ ಬಿಟ್ಟಿದ್ದಂತೂ ನಾನೇ ತಾನೇ.”

ಅಂದು ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಅವಳು ಓದಿದರೆ ಇನ್ನೊಮ್ಮೆ ಕಾಲು ತುಳಿಯುತ್ತಾಳೆ, ತುಳಿಯಲಿ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಮೊದಲು ಅವಳ ಕೈಗುಣದ ಮೇಲಿತ್ತು, ಈಗ ಅವಳ ಸ್ವಭಾವದ ಮೇಲೂ ಇದೆ. ಆ ಬಾಗಿಲೊಳಗೆ ಅವಳ ಜಾಗದಲ್ಲಿ ನಾನಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ, ಅದೂ ದನಿ ಏರಿಸಿ.

ಸೋಮವಾರ ಸಂಜೆ ಮನೆಗೆ ಬಂದವಳು ಮೇಲೆ ಹತ್ತದೆ ನೇರ ಅತ್ತೆಯ ಕೋಣೆಗೆ ಹೋದೆ. ಒಂದು ಮಾತು, ಎರಡು ಮಾತಿಗೆಂದು ಹೋದದ್ದಲ್ಲ. ಏಳು ವರ್ಷದ್ದು ಬಾಕಿ ಇತ್ತು, ಎಲ್ಲಿಂದ ಶುರು ಮಾಡುವುದೆಂದು ಬಸ್ಸಿನಲ್ಲೆಲ್ಲ ಯೋಚಿಸಿದ್ದೆ. ಅತ್ತೆ ಹೆಡ್‌ಫೋನು ಹಾಕಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದರು. ಮುಖದಲ್ಲಿ ನಗು. ಹೆಡ್‌ಫೋನಿನಿಂದ ಸಣ್ಣಗೆ ನನ್ನದೇ ದನಿ ಸೋರುತ್ತಿತ್ತು, ಒಂಬತ್ತು ವರ್ಷದ ಹಿಂದಿನದು, ಸಮುದ್ರದಲ್ಲಿ ಹಡಗುಗಳ ದೀಪ ಎಣಿಸುತ್ತಾ. ಪಕ್ಕದಲ್ಲಿ ಕೂತು, ಅವರ ಕೈ ಮುಟ್ಟಿದೆ.

“ಅತ್ತೆ, ನಾನು.”

ಅತ್ತೆ ಕಣ್ಣು ತೆರೆಯದೆ ನನ್ನ ಕೈ ಹಿಡಿದುಕೊಂಡು, ಬಾಯಿ ಮುಚ್ಚು ಎನ್ನುವಂತೆ ಅದನ್ನು ಮೆಲ್ಲಗೆ ಅದುಮಿದರು.

“ತಾಳು ಚಿಕ್ಕವಳೇ, ಇದು ಮುಗೀಲಿ. ಈಗ ಕೆಮ್ತೀಯ ನೀನು.”

ಹನ್ನೆರಡನೆಯ ಅಧ್ಯಾಯ ಇಪ್ಪತ್ತಾರು ನಿಮಿಷದ್ದು, ದಾಖಲೆಯಲ್ಲಿದೆ. ಕೈ ಬಿಡಿಸಿಕೊಳ್ಳದೆ, ಹೆಡ್‌ಫೋನಿನೊಳಗಿನ ಆ ಚಿಕ್ಕವಳು ಓದಿ ಮುಗಿಸಲಿ ಎಂದು ಕಾಯುತ್ತಾ ಕೂತೆ.